‘ಇದರಲ್ಲಿ ಯಾವುದು ಬಿಟ್ಟರೆ ನಡೆಯುತ್ತೆ?’ – ಸಕ್ಕರೆ ಕಾಯಿಲೆಯ ಖರ್ಚು ಮತ್ತು ದಣಿವು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವೂ ಕೇಳಿಬರುವ ಒಂದು ಮಾತಿನಿಂದ ಶುರು ಮಾಡೋಣ. ಚೀಟಿಯಲ್ಲಿ ಐದು ಔಷಧಿ ಬರೆದಿರುತ್ತದೆ. ಅಂಗಡಿಯವರು ಐದನ್ನೂ ತೆಗೆದು ಗಾಜಿನ ಮೇಲಿಟ್ಟು ಮೊತ್ತ ಹೇಳುತ್ತಾರೆ. ತುಸು ಹೊತ್ತು ಮಾತಿಲ್ಲ. ಆಮೇಲೆ ಮೆಲುದನಿಯಲ್ಲಿ: ‘ಇದರಲ್ಲಿ ಯಾವುದು ಬಿಟ್ಟರೆ ನಡೆಯುತ್ತೆ?’

ಹೀಗೆ ಕೇಳುವವರು ಕಾಯಿಲೆಯನ್ನು ಹಗುರವಾಗಿ ಕಂಡವರಲ್ಲ. ಮಕ್ಕಳ ಫೀಸು, ಗ್ಯಾಸ್ ಸಿಲಿಂಡರ್, ಸಂಘದ ಕಂತು ಎಲ್ಲ ಕಳೆದು ಕೈಯಲ್ಲಿ ಉಳಿದಿದ್ದನ್ನು ತಂದಿರುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಎಡವಟ್ಟಾಗುವುದು ಕೇಳುವ ಜಾಗದಲ್ಲಿ. ಅಂಗಡಿಯವರಿಗೆ ನಿಮ್ಮ ಕಿಡ್ನಿ ಹೇಗಿದೆ ಗೊತ್ತಿಲ್ಲ. ಗೊತ್ತಿರುವ ಡಾಕ್ಟರ ಮುಂದೆ ದುಡ್ಡಿನ ಮಾತೆತ್ತಲು ನಾಚಿಕೆ. ಹಾಗಾಗಿ ಬಹಳ ಜನ ಉತ್ತರವನ್ನು ತಾವೇ ಊಹಿಸಿಕೊಂಡು, ಬಿಡಬಾರದ್ದನ್ನು ಬಿಟ್ಟು ಬಿಡಬಹುದಾದ್ದನ್ನು ಮನೆಗೆ ಒಯ್ಯುತ್ತಾರೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಕಾಯಿಲೆಯ ಖರ್ಚು ಒಮ್ಮೆಗೇ ಬರುವುದಿಲ್ಲ, ಸೋರುವ ನಲ್ಲಿಯ ಹಾಗೆ ದಿನಾ ಹನಿಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ, ನಿಜ. ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗ ಒದಗುವಂಥದ್ದು. ದಿನದ ಮಾತ್ರೆ, ಸೂಜಿ, ಮನೆಯಲ್ಲಿ ಶುಗರ್ ನೋಡುವ ಸ್ಟ್ರಿಪ್ಪು, ಚಪ್ಪಲಿಗೆ ಜೇಬೇ ಗತಿ.

ದುಡ್ಡು ಸಾಲದಾದಾಗ ಮೊದಲು ಹೋಗುವುದು ಸ್ಟ್ರಿಪ್ಪು. ಆಮೇಲೆ ರಾತ್ರಿ ಮಾತ್ರೆ: ‘ಬೆಳಿಗ್ಗೆ ತಗೊಂಡಿದೀನಲ್ಲ.’ ಆಮೇಲೆ ಇನ್ಸುಲಿನ್ನಿನಲ್ಲಿ ನಾಲ್ಕೈದು ಯೂನಿಟ್ ಖೋತಾ. ಅದೇ ಮನೆಯ ಕಪಾಟಿನಲ್ಲಿ ನೋಡಿದರೆ ಶುಗರ್ ಫ್ರೀ ಬಿಸ್ಕತ್ತು, ‘ಡಯಾಬಿಟಿಕ್’ ಹಿಟ್ಟು, ನೇರಳೆ ಬೀಜದ ಪುಡಿ, ಬೇರು ಸಹಿತ ಗುಣ ಮಾಡುತ್ತದೆಂಬ ಕಷಾಯದ ಬಾಟಲಿ ಇರುತ್ತವೆ. ಇವಕ್ಕಾದ ಖರ್ಚನ್ನು ಕೂಡಿಸಿದರೆ ಎಷ್ಟೋ ಮನೆಗಳಲ್ಲಿ ಬಿಟ್ಟ ಔಷಧಿಯ ಬೆಲೆ ಅಲ್ಲೇ ಸಿಕ್ಕಿಬಿಡುತ್ತದೆ. ಯಾರನ್ನೂ ಬೈಯಲು ಹೇಳುತ್ತಿಲ್ಲ. ಮಾತ್ರೆ ‘ಜೀವನಪೂರ್ತಿ’ ಅನ್ನುತ್ತದೆ, ಕಷಾಯ ‘ಮೂರು ತಿಂಗಳು’ ಅನ್ನುತ್ತದೆ. ದಣಿದ ಮನಸ್ಸು ಮೂರು ತಿಂಗಳಿನ ಕಡೆ ವಾಲುವುದು ಸಹಜ. ಆದರೆ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿದ್ದರೂ ಮೈದಾ ಇದೆ. ಬೆಲ್ಲ ಸಕ್ಕರೆಯ ಅಣ್ಣನೇ ಹೊರತು ಬೇರೆ ಜಾತಿಯಲ್ಲ. ಕೌಂಟರಿನ ಪ್ರಶ್ನೆಗೆ ನಮ್ಮ ಮೊದಲ ಉತ್ತರ ಇದು: ಆ ಕಪಾಟಿನಲ್ಲಿ ಇರುವುದೆಲ್ಲವನ್ನೂ ಬಿಟ್ಟರೆ ನಡೆಯುತ್ತದೆ.

ಇನ್ನು ಮಾತ್ರೆ. ಮಾತ್ರೆಯ ಹಾಳೆಯ ಮೇಲೆ ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರವೇ ಸಣ್ಣಕ್ಷರದಲ್ಲಿರುವುದು ಔಷಧಿಯ ಹೆಸರು. ಬರೆದಿಟ್ಟುಕೊಳ್ಳಬೇಕಾದ್ದು ಎರಡನೆಯದನ್ನು: ಮೆಟ್‌ಫಾರ್ಮಿನ್ 500, ಗ್ಲಿಮೆಪಿರೈಡ್ 1, ಸಿಟಾಗ್ಲಿಪ್ಟಿನ್ 50, ಹೀಗೆ. ಇದರಿಂದ ಎರಡು ಲಾಭ. ಒಂದು, ಬೆಲೆ ಹೋಲಿಸಲು ಬರುತ್ತದೆ. ಭಾರತದಲ್ಲಿ ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರಲ್ಲಿ, ಡಾಪಾಗ್ಲಿಫ್ಲೋಜಿನ್ 2020ರಲ್ಲಿ, ಸಿಟಾಗ್ಲಿಪ್ಟಿನ್ 2022ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರಲ್ಲಿ ಮುಗಿದವು. ಪ್ರತಿ ಸಲವೂ ಹತ್ತಾರು ಕಂಪನಿಗಳು ಅದೇ ಔಷಧಿಯನ್ನು ಕಡಿಮೆ ಬೆಲೆಗೆ ತಂದವು. 2022ರಲ್ಲಿ ಜನೌಷಧಿ ಕೇಂದ್ರಗಳಿಗೆ ಸಿಟಾಗ್ಲಿಪ್ಟಿನ್ 50 ಬಂದಾಗ ಹತ್ತು ಮಾತ್ರೆಗೆ 60 ರೂಪಾಯಿ ಇತ್ತು. ಐದು ವರ್ಷ ಹಳೆಯ ಚೀಟಿಯನ್ನೇ ತೋರಿಸಿ ಅದೇ ದುಬಾರಿ ಬ್ರ್ಯಾಂಡ್ ಕೊಳ್ಳುತ್ತಿರುವವರು ಇವತ್ತೇ ಡಾಕ್ಟರನ್ನು ಕೇಳಬೇಕಾದ ಮಾತಿದು. ಎರಡನೆಯ ಲಾಭ ಜೀವಕ್ಕೆ ಸಂಬಂಧಿಸಿದ್ದು. ಒಬ್ಬ ಡಾಕ್ಟರು ಒಂದು ಹೆಸರಿನ, ಇನ್ನೊಬ್ಬರು ಇನ್ನೊಂದು ಹೆಸರಿನ ಜೋಡಿ ಮಾತ್ರೆ ಬರೆದಿರುತ್ತಾರೆ. ಎರಡರಲ್ಲೂ ಗ್ಲಿಮೆಪಿರೈಡ್ ಇರುತ್ತದೆ. ಮನೆಯಲ್ಲಿ ಎರಡನ್ನೂ ನುಂಗಿ, ಹನ್ನೊಂದು ಗಂಟೆಗೆ ಶುಗರ್ ತೀರಾ ಇಳಿದು ಬೆವತು ಬೀಳುತ್ತಾರೆ.

ಅಂದ ಹಾಗೆ, ‘ಎಸ್‌ಆರ್’ ಅಥವಾ ‘ಎಕ್ಸ್‌ಆರ್’ ಎಂದು ಬರೆದ ಮಾತ್ರೆಯನ್ನು ಪುಡಿ ಮಾಡಬಾರದು, ಅರ್ಧ ಮಾಡಿ ಎರಡು ದಿನಕ್ಕೆ ಹಂಚಲೂ ಬಾರದು. ದಿನವಿಡೀ ನಿಧಾನಕ್ಕೆ ಬಿಡುವಂತೆ ಕಟ್ಟಿದ್ದು ಒಡೆದರೆ ಒಟ್ಟಿಗೇ ಇಳಿಯುತ್ತದೆ.

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳಿಗೆಂದೇ ಇರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಮೂಲ ಮಾತ್ರೆಗಳು ಉಚಿತ. ಒಂದೊಂದು ಸಲ ಸ್ಟಾಕ್ ಇರುವುದಿಲ್ಲ, ಬಸ್ ಚಾರ್ಜು, ಒಂದು ದಿನದ ಕೂಲಿ ದಂಡ. ಅದಕ್ಕೇ ಮನೆಯಲ್ಲಿ ಹತ್ತು ದಿನದ್ದು ಉಳಿದಿರುವಾಗಲೇ ಹೊರಡುವುದು ಒಳ್ಳೆಯದು. ಖಾಲಿಯಾದ ದಿನ ಹೋಗಿ ಬರಿಗೈಲಿ ಬಂದರೆ ಆ ವಾರ ಮಾತ್ರೆಯೇ ಇಲ್ಲ.

ಇನ್ಸುಲಿನ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಏಕೆಂದರೆ ದುಡ್ಡೂ ಭಯವೂ ಇಲ್ಲಿ ಜಾಸ್ತಿ. 1920ರ ದಶಕದ ಆರಂಭದಲ್ಲಿ ಟೊರಾಂಟೊದಲ್ಲಿ ಅದನ್ನು ಕಂಡುಹಿಡಿದವರು ಪೇಟೆಂಟನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟಿದ್ದರು. ನೂರು ವರ್ಷದ ಮೇಲೆ ನಮ್ಮ ಅಂಗಡಿಯ ಲೆಕ್ಕ ಹೇಗಿದೆ ನೋಡಿ. ಒಬ್ಬರಿಗೆ ಬೆಳಿಗ್ಗೆ 20, ರಾತ್ರಿ 12, ಒಟ್ಟು ದಿನಕ್ಕೆ 32 ಯೂನಿಟ್, ತಿಂಗಳಿಗೆ 960. ಹ್ಯೂಮನ್ ಇನ್ಸುಲಿನ್ನಿನ (ಮನುಷ್ಯರ ಮೈಯಲ್ಲಿ ಆಗುವಂಥದ್ದೇ, ಹಳೆಯ ಬಗೆ) 10 ಎಂಎಲ್ ಬಾಟಲಿಯಲ್ಲಿ 400 ಯೂನಿಟ್ ಇರುತ್ತದೆ. ಬೆಲೆಯನ್ನು ಲೆಕ್ಕಕ್ಕೆ 160 ರೂಪಾಯಿ ಅಂದುಕೊಂಡರೆ ಯೂನಿಟ್ಟಿಗೆ 40 ಪೈಸೆ, ತಿಂಗಳಿಗೆ 384 ರೂಪಾಯಿ. ಅನಲಾಗ್ ಇನ್ಸುಲಿನ್ನಿನ (ರಚನೆಯನ್ನು ತುಸು ಬದಲಿಸಿದ ಹೊಸ ಬಗೆ) 3 ಎಂಎಲ್ ಪೆನ್ನಿನಲ್ಲಿ 300 ಯೂನಿಟ್. ಬೆಲೆ 600 ಅಂದುಕೊಂಡರೆ ಯೂನಿಟ್ಟಿಗೆ 2 ರೂಪಾಯಿ, ತಿಂಗಳಿಗೆ 1,920. ಪೆನ್ನಿನಲ್ಲಿ ಪ್ರತಿ ಸಲ ಗಾಳಿ ತೆಗೆಯಲು 2 ಯೂನಿಟ್ ಹೊರಗೆ ಬಿಡಬೇಕು, ತಿಂಗಳಿಗೆ 120 ಯೂನಿಟ್, ಇನ್ನೊಂದು 240 ರೂಪಾಯಿ. ಅದನ್ನು ಉಳಿಸಲು ಹೋದರೆ ಡೋಸ್ ಕಡಿಮೆ ಬೀಳುತ್ತದೆ, ಆದ್ದರಿಂದ ಅದು ಬಿಡುವ ಬಾಬಲ್ಲ.

ಪೆನ್ನು ಸುಲಭ, ಅನಲಾಗ್‌ನಲ್ಲಿ ರಾತ್ರಿ ಶುಗರ್ ಇಳಿಯುವುದು ಕಡಿಮೆ. ಕೆಲವರಿಗೆ ಅದು ಬೇಕೇ ಬೇಕು. ಆದರೆ 2,160ನ್ನು ತಿಂಗಳು ತಿಂಗಳು ಹೊಂದಿಸಲಾಗದೆ ಹದಿನೈದು ದಿನ ಚುಚ್ಚಿಕೊಂಡು ಹದಿನೈದು ದಿನ ಬಿಡುವುದಕ್ಕಿಂತ, 384ರದ್ದನ್ನು ಮೂವತ್ತು ದಿನವೂ ಸರಿಯಾಗಿ ಚುಚ್ಚಿಕೊಳ್ಳುವುದು ಎಷ್ಟೋ ಮೇಲು. ಬದಲಿಸುವುದು ಮಾತ್ರ ಡಾಕ್ಟರ ಕೈಯಲ್ಲಿ, ಏಕೆಂದರೆ ಒಂದು ಬಗೆಯ 20 ಯೂನಿಟ್ ಇನ್ನೊಂದು ಬಗೆಯ 20 ಯೂನಿಟ್ಟಿಗೆ ಸಮ ಅಲ್ಲ.

ಪೆನ್ನು ಬಿಟ್ಟು ಬಾಟಲಿಗೆ ಬಂದವರು ಸಿರಿಂಜನ್ನು ನೋಡಿ ಕೊಳ್ಳಬೇಕು. ಹ್ಯೂಮನ್ ಇನ್ಸುಲಿನ್ ಬಾಟಲಿ ನಮ್ಮಲ್ಲಿ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜು. ಗ್ಲಾರ್ಜಿನ್‌ನಂಥ ಅನಲಾಗ್ ಬಾಟಲಿಗಳು ಎಂಎಲ್‌ಗೆ 100ರವು, ಅವಕ್ಕೆ ಕಿತ್ತಳೆ ಮುಚ್ಚಳದ ಯು-100. ಅದಲುಬದಲಾದರೆ ಏನಾಗುತ್ತದೆ? 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಸೇರುವುದು 8 ಯೂನಿಟ್. ಶುಗರ್ 350 ಆಗುತ್ತದೆ, ಮನೆಯವರು ‘ಕದ್ದು ಏನೋ ತಿಂದಿದಾರೆ’ ಅನ್ನುತ್ತಾರೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್ ಹೋಗುತ್ತದೆ. ಆ ರಾತ್ರಿ ಜೀವಕ್ಕೇ ಅಪಾಯ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇದೆಯಾ? ಅಂಗಡಿ ಬಿಡುವ ಮುಂಚೆ ಎರಡನ್ನೂ ಪಕ್ಕಪಕ್ಕ ಹಿಡಿದು ಓದಿ. ಕನ್ನಡಕ ಮನೆಯಲ್ಲಿದ್ದರೆ ಪಕ್ಕದವರಿಂದ ಓದಿಸಿ.

ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರ್ ಪೆಟ್ಟಿಗೆಗೆ ತಾಗಿ ಗಟ್ಟಿಯಾದದ್ದು ಕರಗಿದರೂ ಕೆಲಸಕ್ಕೆ ಬಾರದು. ತೆರೆದದ್ದನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ನಾಲ್ಕು ವಾರ ಬಳಸಬಹುದು. ಫ್ರಿಜ್ ಇಲ್ಲದ ಮನೆಯಲ್ಲಿ ನಮ್ಮ ಮಣ್ಣಿನ ಮಡಕೆಯೇ ಸಾಕು: ದೊಡ್ಡ ಮಡಕೆಯೊಳಗೆ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಾಟಲಿ, ಮೇಲೆ ಒದ್ದೆ ಬಟ್ಟೆ. ಮರಳು ಒಣಗದಂತೆ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು, ಗಾಳಿಯಾಡುವ ನೆರಳಲ್ಲಿ ಇಡಬೇಕು. ಕಲಬುರಗಿ, ರಾಯಚೂರಿನ ಒಣ ಬೇಸಿಗೆಗೆ ಇದು ಚೆನ್ನಾಗಿ ಒಗ್ಗುತ್ತದೆ; ಕರಾವಳಿಯ ತೇವದ ಗಾಳಿಯಲ್ಲಿ ನೀರು ಆರುವುದೇ ಕಡಿಮೆ, ಅಷ್ಟು ತಂಪಾಗದು. ಮೋಡದಂತೆ ಬೆಳ್ಳಗಿರುವ ಇನ್ಸುಲಿನ್ನನ್ನು ಕುಲುಕಬೇಡಿ. ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ವಾಲಿಸಿ. ತಳದಲ್ಲಿ ಗಟ್ಟಿ ಕುಳಿತೇ ಇದ್ದರೆ, ಗೋಡೆಗೆ ಬಿಳಿ ಕಣ ಅಂಟಿದ್ದರೆ ಎಸೆಯಿರಿ.

ಸೂಜಿ ಉಳಿಸಲು ಒಂದನ್ನೇ ವಾರಗಟ್ಟಲೆ ಬಳಸುವುದು, ನೋವು ಕಡಿಮೆ ಅಂತ ಒಂದೇ ಜಾಗಕ್ಕೆ ಚುಚ್ಚುವುದು, ಇವೆರಡೂ ಸೇರಿದರೆ ಹೊಟ್ಟೆಯ ಮೇಲೆ ಮೆತ್ತನೆ ಗಂಟು ಏಳುತ್ತದೆ. ಗಂಟಿಗೆ ಚುಚ್ಚಿದ ಇನ್ಸುಲಿನ್ ಒಂದು ದಿನ ರಕ್ತಕ್ಕೆ ಸೇರುತ್ತದೆ, ಒಂದು ದಿನ ಸೇರುವುದಿಲ್ಲ. ಶುಗರ್ ಏರುತ್ತದೆ, ಡೋಸ್ ಏರಿಸುತ್ತಾರೆ, ಖರ್ಚು ಏರುತ್ತದೆ. ಸೂಜಿಯಲ್ಲಿ ಉಳಿಸಿದ್ದು ಹೀಗೆ ಇನ್ಸುಲಿನ್ನಿನಲ್ಲಿ ಹೋಗುತ್ತದೆ. ಇವತ್ತು ಮನೆಗೆ ಹೋಗಿ ಚುಚ್ಚುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಗಂಟಿದ್ದರೆ ಬೇರೆ ಜಾಗಕ್ಕೆ ಹೋಗುವ ಮೊದಲು ಡಾಕ್ಟರಿಗೆ ಹೇಳಿ. ಒಳ್ಳೆಯ ಚರ್ಮಕ್ಕೆ ಅದೇ ಡೋಸ್ ಹೆಚ್ಚಾಗಿಬಿಡಬಹುದು.

ಸ್ಟ್ರಿಪ್ಪಿನ ವಿಷಯ. ಒಂದಕ್ಕೆ 20 ರೂಪಾಯಿ ಅಂತಿಟ್ಟುಕೊಂಡರೆ, ಟೈಪ್ 1, ಅಂದರೆ ಮೈಯೇ ಇನ್ಸುಲಿನ್ ತಯಾರಿಸದ ಬಗೆಯ ಮಧುಮೇಹ, ಇರುವ ಮಗುವಿಗೆ ದಿನಕ್ಕೆ ನಾಲ್ಕರಂತೆ ತಿಂಗಳಿಗೆ 2,400 ಬೇಕು. ಅಲ್ಲಿ ಕಡಿತಕ್ಕೆ ಜಾಗವೇ ಇಲ್ಲ. ಬರೀ ಮೆಟ್‌ಫಾರ್ಮಿನ್‌ನಲ್ಲಿರುವವರು ದಿನವೂ ಖಾಲಿ ಹೊಟ್ಟೆಯಲ್ಲಿ ನೋಡಿ ನೋಡಿ ಕೊರಗುವ ಅಗತ್ಯವಿಲ್ಲ. ವಾರಕ್ಕೆ ಎರಡೇ ಸ್ಟ್ರಿಪ್ ಸಾಕು, ಜೋಡಿಯಾಗಿ: ಊಟಕ್ಕೆ ಮುಂಚೆ ಒಂದು, ಊಟ ಶುರುವಾದ ಎರಡು ಗಂಟೆಗೆ ಒಂದು. ಈ ವಾರ ತಿಂಡಿ, ಮುಂದಿನ ವಾರ ಮಧ್ಯಾಹ್ನ, ಆಮೇಲೆ ರಾತ್ರಿ. ನಾಲ್ಕು ಇಡ್ಲಿ ಎಷ್ಟು ಏರಿಸಿತು, ಎರಡು ಇಡ್ಲಿ ಜೊತೆಗೆ ಬಟ್ಟಲು ತುಂಬ ಸಾಂಬಾರಿನ ಹೋಳು ಎಷ್ಟು ಏರಿಸಿತು ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ. ಮಾವಿನ ಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿದರೆ ಮೀಟರು ಹಣ್ಣಿನ ಸಕ್ಕರೆಯನ್ನೇ ತೋರಿಸುತ್ತದೆ, ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ ತೇವ ಹೀರಿ ಸುಳ್ಳು ಹೇಳುತ್ತದೆ. ಫ್ರಿಜ್ಜಿನಲ್ಲೂ ಇಡಬೇಡಿ.

ವರ್ಷಕ್ಕೊಮ್ಮೆಯ ಮೂರು ಪರೀಕ್ಷೆಗಳನ್ನು ಮಾತ್ರ ಎಷ್ಟೇ ಕಷ್ಟವಿದ್ದರೂ ಬಿಡುವಂತಿಲ್ಲ: ಕಣ್ಣಿನ ಹಿಂಬದಿ ಪರದೆಯ ತಪಾಸಣೆ, ಕಿಡ್ನಿಗಾಗಿ ಮೂತ್ರದಲ್ಲಿ ಆಲ್ಬುಮಿನ್ ಜೊತೆಗೆ ರಕ್ತದ ಕ್ರಿಯಾಟಿನಿನ್, ಪಾದದ ಸ್ಪರ್ಶ ಪರೀಕ್ಷೆ. ಮೂರೂ ಕಡೆ ಶುರುವಿನಲ್ಲಿ ನೋವಿರುವುದಿಲ್ಲ, ಅದೇ ತೊಂದರೆ. ಪಾದಕ್ಕೆ 10 ಗ್ರಾಂ ಒತ್ತಡದ ನೈಲಾನ್ ಎಳೆ ತಾಗಿಸಿ ಗೊತ್ತಾಗುತ್ತಾ ಎಂದು ಕೇಳುತ್ತಾರೆ, ಐದು ನಿಮಿಷದ ಕೆಲಸ. ಗೊತ್ತಾಗದವರು ಏಪ್ರಿಲ್ ಮಧ್ಯಾಹ್ನ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬರುತ್ತಾರೆ. ಸುಟ್ಟದ್ದು ಗೊತ್ತಾಗುವುದು ಸಂಜೆ, ಅಂಗಾಲಿನ ಗುಳ್ಳೆ ಒಡೆದು ಬಟ್ಟೆ ಒದ್ದೆಯಾದಾಗ. ಬೆಳಿಗ್ಗೆ ಕಲ್ಲು ಕಾಯುವ ಮೊದಲೇ ಹೋಗಿ, ಕಾಲಿಗೆ ದಪ್ಪ ಸಾಕ್ಸ್ ಹಾಕಿ; ದೇವರು ಬೇಡ ಅನ್ನುವುದಿಲ್ಲ. ಮೃದು ರಬ್ಬರಿನ ಎಂಸಿಆರ್ ಚಪ್ಪಲಿ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು, ಮನೆಯೊಳಗೂ ಇರಲಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಬಹುದು. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕೊರತೆಯಿಂದಲೂ ಕಾಲು ಜೋಮು ಹಿಡಿಯುತ್ತದೆ. ಅದನ್ನು ಸರಿಪಡಿಸಬಹುದು, ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ.

ವಿಮೆ ಬಗ್ಗೆ ಒಂದೇ ಮಾತು: ಶುಗರ್ ಇರುವುದನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಬೇಡಿ. 2024ರಿಂದ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. ಹೇಳಿ ಕಾದವರಿಗೆ ಸಿಗುತ್ತದೆ. ಮುಚ್ಚಿಟ್ಟವರ ಕ್ಲೇಮು ತಿರಸ್ಕಾರವಾಗುವ ಅಪಾಯ, ದುಡ್ಡು ಬೇಕಾದ ದಿನವೇ, ಇದ್ದೇ ಇರುತ್ತದೆ.

ಇಲ್ಲಿಯವರೆಗೆ ರೂಪಾಯಿ ಲೆಕ್ಕ. ಮನಸ್ಸಿನ ಲೆಕ್ಕ ಇದರಿಂದ ಬೇರೆಯಲ್ಲ.

ಶುಗರ್ ರಿಪೋರ್ಟನ್ನು ನಮ್ಮ ಜನ ಮಾರ್ಕ್ಸ್ ಕಾರ್ಡಿನ ಹಾಗೆ ನೋಡುತ್ತಾರೆ. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಅನ್ನ ಬಿಡುವುದು, ಹಿಂದಿನ ರಾತ್ರಿ ಉಪವಾಸ, ಬೈಗುಳ ತಪ್ಪಿಸಿಕೊಳ್ಳುವ ಉಪಾಯ. ಖಾಲಿ ಹೊಟ್ಟೆಯ ಅಂಕಿ 118 ಬರುತ್ತದೆ, ಎರಡು-ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ 9ಕ್ಕೆ ಏರಿರುತ್ತದೆ. ಎಲ್ಲರೆದುರು ‘ಸುಳ್ಳು ಹೇಳ್ತೀರಾ’ ಅನ್ನಿಸಿಕೊಂಡವರು ಮುಂದಿನ ಆರು ತಿಂಗಳು ಆ ಕಡೆ ತಲೆ ಹಾಕುವುದಿಲ್ಲ. ಇಲ್ಲಿ ಡಾಕ್ಟರುಗಳು ಕೂತಿದ್ದರೆ ನಮ್ಮ ಬಿನ್ನಹ ಇಷ್ಟು: ಅಂಕಿ ಹೆಚ್ಚಿದ್ದಾಗ ಮೊದಲು ‘ಔಷಧಿ ಕೊಳ್ಳೋಕೆ ಆಗ್ತಿದೆಯಾ?’ ಎಂದು ಕೇಳಿ. ಇನ್ನೊಂದು, ಕಬ್ಬಿಣದ ಕೊರತೆಯ ರಕ್ತಹೀನತೆ ಇರುವ ಹೆಣ್ಣುಮಕ್ಕಳಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಪಾಪ, ಕಟ್ಟುನಿಟ್ಟಾಗಿ ಇದ್ದೂ ಬೈಸಿಕೊಂಡವರಿದ್ದಾರೆ.

ಈ ದಣಿವಿಗೆ ವೈದ್ಯಕೀಯದಲ್ಲಿ ಡಯಾಬಿಟಿಸ್ ಡಿಸ್ಟ್ರೆಸ್ ಎಂಬ ಹೆಸರಿದೆ. ಅಳೆಯಲು 1995ರಲ್ಲಿ ಪ್ರಕಟವಾದ ‘ಪೇಡ್’ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಪ್ರತಿಯೊಂದಕ್ಕೂ 0ರಿಂದ 4, ಒಟ್ಟನ್ನು 1.25ರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂದು ಬರುತ್ತದೆ. 40 ದಾಟಿದರೆ ಭಾರ ಹೆಚ್ಚಾಗಿದೆ ಎಂದರ್ಥ. ಇದು ಖಿನ್ನತೆಯೇ ಆಗಿರಬೇಕಿಲ್ಲ. ಡಿಸ್ಟ್ರೆಸ್ ಇರುವವರು ಮೊಮ್ಮಗು ಬಂದರೆ ನಗುತ್ತಾರೆ, ಮೀಟರು ಕಂಡರೆ ಮುಖ ತಿರುಗಿಸುತ್ತಾರೆ. ಅವರಿಗೆ ಔಷಧಿಯ ಕಟ್ಟು ಹಗುರಾಗಬೇಕು, ಕೆಲಸವನ್ನು ಯಾರಾದರೂ ಹಂಚಿಕೊಳ್ಳಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತದೆ ಎಂದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಟೆಲಿ ಮನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯ ಊಟದ ಜಗಳ ಎಲ್ಲರಿಗೂ ಗೊತ್ತು. ಮದುವೆ ಪಂಕ್ತಿಯಲ್ಲಿ ಒಬ್ಬರು ‘ಒಂದು ಹೋಳಿಗೆಗೆ ಏನೂ ಆಗಲ್ಲ, ಹಾಕಿ’ ಅನ್ನುತ್ತಾರೆ, ಇನ್ನೊಬ್ಬರು ಎಲೆಯ ಮೇಲಿಂದಲೇ ‘ನಿಮಗೆ ಶುಗರ್ ಅಲ್ವಾ’ ಎಂದು ಕೂಗುತ್ತಾರೆ. ಎರಡೂ ಚುಚ್ಚುತ್ತವೆ. ಅಡುಗೆ ಮಾಡುವ ಹೆಂಗಸಿಗೇ ಶುಗರ್ ಇದ್ದರಂತೂ ತನಗೆಂದು ಬೇರೆ ಪಲ್ಯ ಮಾಡಿಕೊಳ್ಳುವುದು ಅವಳಿಗೇ ತಪ್ಪೆನಿಸುತ್ತದೆ. ಉಳಿದ ಅನ್ನ, ಸಾರು ಉಂಡು ಮಲಗುತ್ತಾಳೆ. ‘ಅನ್ನ ಬಿಟ್ಟು ಮುದ್ದೆ ಉಣ್ಣಿ’ ಅನ್ನುವ ಸಲಹೆಯನ್ನೂ ಬಿಡಿಸಿ ನೋಡಬೇಕು. 100 ಗ್ರಾಂ ರಾಗಿಯಲ್ಲಿ 65ರಿಂದ 70 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದೆ. ಅಕ್ಕಿಯಲ್ಲಿ 78ರ ಹತ್ತಿರ. ನಾರು, ಸುಣ್ಣದಂಶ ರಾಗಿಯಲ್ಲಿ ಬಹಳ ಹೆಚ್ಚು, ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆ ನುಂಗಿ ಶುಗರ್ ಯಾಕೆ ಇಳಿಯಲಿಲ್ಲ ಎಂದು ಕೊರಗುವವರಿಗೆ ಈ ಅಂಕಿ ಯಾರೂ ಹೇಳಿರುವುದಿಲ್ಲ. ಮುದ್ದೆ ಚಿಕ್ಕದಾಗಲಿ, ಸೊಪ್ಪಿನ ಸಾರಿನ ಕಾಳು ಹೆಚ್ಚಾಗಲಿ, ಕೋಸಂಬರಿ ಮೊದಲು ಎಲೆಗೆ ಬರಲಿ. ಆ ಊಟ ಮನೆಯವರೆಲ್ಲರಿಗೂ ಒಂದೇ ಇರಲಿ. ಖರ್ಚೂ ಒಂದೇ, ಶುಗರ್ ಇರುವವರೊಬ್ಬರೇ ಬೇರೆ ತಟ್ಟೆ ಹಿಡಿದು ಕೂರುವುದೂ ತಪ್ಪುತ್ತದೆ.

ಕೊನೆಗೆ, ರಾತ್ರಿಯ ಭಯ. ಒಮ್ಮೆ ಶುಗರ್ ಇಳಿದು ಬಿದ್ದವರು ಆಮೇಲೆ ಬೇಕೆಂದೇ ಶುಗರ್ ಹೆಚ್ಚಿಟ್ಟುಕೊಂಡು ಮಲಗುತ್ತಾರೆ, ಡೋಸ್ ಕದ್ದು ಕಡಿಮೆ ಮಾಡುತ್ತಾರೆ. ಆ ಭಯ ಹೋಗಬೇಕಾದರೆ ಮನೆಯಲ್ಲಿ ಪ್ರತಿಯೊಬ್ಬರಿಗೂ ಇಷ್ಟು ಗೊತ್ತಿರಬೇಕು. ನಡುಕ, ತಣ್ಣನೆ ಬೆವರು, ತೊದಲು ಮಾತು, ಕಾರಣವಿಲ್ಲದ ಸಿಟ್ಟು ಕಂಡರೆ, ಅಥವಾ ಮೀಟರು 70ಕ್ಕಿಂತ ಕಡಿಮೆ ತೋರಿಸಿದರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಒಂದು ಚಪಾತಿಯೋ ಹಾಲು-ಬ್ರೆಡ್ಡೋ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಿಂದ ಇಳಿದದ್ದಾದರೆ ಚೇತರಿಸಿಕೊಂಡರೂ ಆಸ್ಪತ್ರೆಗೆ ತೋರಿಸಬೇಕು, ಕೆಲವು ಗಂಟೆಯ ಮೇಲೆ ಮತ್ತೆ ಇಳಿಯಬಹುದು.

ಸಕ್ಕರೆ, ಚಮಚ, ನೀರಿನ ಲೋಟ ಹಾಸಿಗೆಯ ತಲೆದೆಸೆಯಲ್ಲೇ ಇರಲಿ. ಕತ್ತಲಲ್ಲಿ ಅಡುಗೆಮನೆಯ ಡಬ್ಬಿ ತಡಕಾಡುವಂತಾಗಬಾರದು. ಅವರು ಬೆವರೊರೆಸಿಕೊಂಡು ಎದ್ದು ಕುಳಿತ ಮೇಲೆ ‘ಊಟ ಸರಿಯಾಗಿ ಮಾಡಿದ್ರಾ, ಎಷ್ಟು ಯೂನಿಟ್ ಹಾಕ್ಕೊಂಡ್ರಿ’ ಎಂಬ ವಿಚಾರಣೆ ಆಗಲೇ ಬೇಡ. ದೀಪ ಆರಿಸದೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತಿರಿ. ಕೇಳುವುದೆಲ್ಲ ಬೆಳಿಗ್ಗೆ, ಕಾಫಿ ಆದಮೇಲೆ.